ಯಶೋದೆಗೆ ಎಂಜಲು

ವೈಟ್‌ಫೀಲ್ಡಿನ ಆ ಕ್ಯಾಂಪಸ್ಸಿನ ಗೇಟಿನಲ್ಲಿ ನನಗೊಂದು ಅಡ್ಡಹೆಸರಿದೆ. ಹೊಸದಾಗಿ ಸೇರಿದ ಸೆಕ್ಯೂರಿಟಿಯವನು, ಕಲಬುರಗಿ ಕಡೆಯವನು, ನನ್ನ ಗುರುತಿನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, "ಉಗುಳೋ ಮೇಡಂ ಅಂತಾರಲ್ಲ, ಅವ್ರು ನೀವ ಏನ್ರಿ?" ಎಂದು ಕೇಳಿದ. ಹೌದಪ್ಪಾ, ನಾನೇ ಎಂದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಆ ಹೆಸರು ಹೇಳಿಕೊಟ್ಟವರ ಮೇಲೆ ಇದೆ, ಬೇಕಾದಷ್ಟಿದೆ, ಅದು ಆರಲಿ ಎಂದು ನಾನು ಕಾಯುತ್ತಲೂ ಇಲ್ಲ.

ನನ್ನ ಕೆಲಸ ಹಳೆಯ ತೈಲಚಿತ್ರಗಳನ್ನು ಉಳಿಸುವುದು. ಹೊಸದು ಮಾಡುವುದಲ್ಲ, ಉಳಿಸುವುದು. ಈ ವ್ಯತ್ಯಾಸವನ್ನು ವಿವರಿಸುವುದರಲ್ಲೇ ಅರ್ಧ ಆಯುಸ್ಸು ಕಳೆದಿದ್ದೇನೆ. ಮದುವೆ ಮನೆಯಲ್ಲಿ ಪಕ್ಕದ ಎಲೆಯಲ್ಲಿ ಕೂತವರು, "ಓ, ಪೇಂಟಿಂಗ್ ರಿಪೇರಿನಾ? ನಮ್ಮನೇಲೂ ಒಂದು ಹಳೇದಿದೆ ಕಣ್ರೀ, ಪಳಪಳ ಅನ್ನೋ ಹಾಗೆ ಮಾಡ್ಕೊಡಿ" ಎನ್ನುತ್ತಾರೆ. ಪಳಪಳ ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಳಪಳ ಮಾಡಲು ಹೋಗಿ ನಮ್ಮ ಜನ ಹಾಳು ಮಾಡಿದಷ್ಟು ಚಿತ್ರಗಳನ್ನು ಗೆದ್ದಲೂ ಹಾಳು ಮಾಡಿಲ್ಲ.

ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿದ್ದರು, ನಾನು ಬೆಳೆದದ್ದು ಅದರ ಕಾಲೊನಿಯಲ್ಲಿ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಈಗ ಅಮ್ಮನೂ ನಾನೂ ಪೀಣ್ಯದ ಹತ್ತಿರ ಇದ್ದೇವೆ. ಸುತ್ತಮುತ್ತ ಎಲ್ಲ ಶೆಡ್ಡುಗಳು; ಇಲ್ಲಿ ಬಣ್ಣ ಎಂದರೆ ಕಬ್ಬಿಣದ ಬೀರುವಿಗೆ ಹೊಡೆಯುವ ಪೌಡರ್ ಕೋಟಿಂಗ್. ಪೀಣ್ಯದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಕಾಡುಗೋಡಿಯ ಕೊನೆಯ ಸ್ಟೇಷನ್ನಿನವರೆಗೆ ಹೋಗಿ ಅಲ್ಲಿಂದ ಆಟೊ ಹಿಡಿಯುತ್ತೇನೆ. ಊರಿನ ಈ ತುದಿಯಿಂದ ಆ ತುದಿಗೆ ದಿನಾ ಹೋಗುವುದು ಒಂದು ಚಿತ್ರಕ್ಕಾಗಿ ಎಂದರೆ ಸೀಟಿನಲ್ಲಿ ಪಕ್ಕ ಕೂತವರು ನಂಬುವುದಿಲ್ಲ.

ಆ ಕಂಪನಿಯನ್ನು ಕಟ್ಟಿದ ಹಿರಿಯರು ಹಳೆಯ ಚಿತ್ರಗಳನ್ನು ಕೂಡಿಟ್ಟಿದ್ದರು. ಅವರ ನಂತರ ಒಂದು ಟ್ರಸ್ಟ್ ಆಯಿತು, ಆಫೀಸಿನ ಕೆಳ ಅಂತಸ್ತಿನಲ್ಲಿ ಮ್ಯೂಸಿಯಂ ಆಯಿತು. ಅದರ ಮುಖ್ಯಸ್ಥರಾಗಿ ಬಂದವರು ಅಲ್ಲಿಯವರೆಗೆ ಕಂಪನಿಯ ಜಾಹೀರಾತು ನೋಡಿಕೊಳ್ಳುತ್ತಿದ್ದವರು. ಚಿತ್ರವನ್ನು ಅವರು ಚಿತ್ರ ಎಂದದ್ದನ್ನು ನಾನು ಕೇಳಿಲ್ಲ. "ಅಸೆಟ್" ಎನ್ನುತ್ತಿದ್ದರು.

ಅವರ ಅಸೆಟ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಶೋದೆಯ ಚಿತ್ರ. ಬಾಗಿಲಷ್ಟು ಎತ್ತರ. ನಮ್ಮ ಚಿತ್ರಗಾರರು ಅರಮನೆಗಳ ಆಶ್ರಯದಲ್ಲಿ ತೈಲವರ್ಣ ಕಲಿಯುತ್ತಿದ್ದ ಕಾಲದ್ದು, ಸಹಿ ಇಲ್ಲ, ಆದರೆ ಬರೆದದ್ದು ದೊಡ್ಡ ಕೈ. ಯಶೋದೆಯ ಮೊಣಕಾಲ ಮೇಲೆ ಸೀರೆ ಬಿಗಿದಿರುವ ರೀತಿ ನೋಡಿದರೆ ಸಾಕು, ತೊಡೆಯ ಮೇಲೆ ಕೂತ ಮಗುವಿನ ಭಾರ ನಮಗೆ ತಿಳಿಯುತ್ತದೆ. ಯಾವುದೋ ಮನೆತನದ ದೇವರ ಕೋಣೆಯಲ್ಲಿ ತಲೆಮಾರುಗಳ ಕಾಲ ಇದ್ದ ಚಿತ್ರ. ಎಣ್ಣೆದೀಪದ ಮಸಿ, ಊದುಬತ್ತಿಯ ಹೊಗೆ, ತುಪ್ಪದ ಜಿಡ್ಡು ಎಲ್ಲ ಸೇರಿ ಯಶೋದೆಯ ಮುಖ ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಯಾರೋ ಪುಣ್ಯಾತ್ಮರು ಅವಳ ಬಲಗೈಗೆ, ಗಲ್ಲದ ಹತ್ತಿರ, ಒಂದು ಗುಲಾಬಿ ಬಣ್ಣದ ಕಮಲ ಬರೆದಿದ್ದರು. ಕ್ಯಾಲೆಂಡರಿನ ಕಮಲ.

ಅದು ಆಮೇಲೆ ಸೇರಿಸಿದ್ದು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಹಳೆಯ ಬಣ್ಣ ಒಣಗಿ ಕೂದಲೆಳೆಯ ಬಿರುಕು ಬಿಟ್ಟಿತ್ತು, ಕಮಲದ ಗುಲಾಬಿ ಆ ಬಿರುಕುಗಳ ಒಳಗೆ ಹರಿದು ಕೂತಿತ್ತು. ಬಣ್ಣದ ಪದರ ದಾಟಿ ನೋಡುವ ಕ್ಯಾಮೆರಾ ಹಿಡಿದಾಗ ಅಡಿಯಲ್ಲಿ ಕಮಲವಿಲ್ಲ, ಬಟ್ಟೆಯಂಥದ್ದು ಏನೋ ಇದೆ ಎಂದು ಕಂಡಿತು. ಟ್ರಸ್ಟಿನ ಸಮಿತಿಗೆ ಅದನ್ನು ತೋರಿಸಿದೆ. ಮುಖ್ಯಸ್ಥರಿಗೆ ಖುಷಿಯೋ ಖುಷಿ. "ತೆಗೆದ್ಬಿಡಿ ಮೇಡಂ, ನಮಗೆ ಒರಿಜಿನಲ್ ಬೇಕು!" ಎಂದರು. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಅವರು ಮರೆತರು.

ನನಗೆ ಮೊದಲಿನಿಂದಲೂ ಇನ್ನೊಂದು ಕಾಡುತ್ತಿತ್ತು. ಆ ಚಿತ್ರದಲ್ಲಿ ಮಗು ಮುಖ ಸಿಂಡರಿಸಿಕೊಂಡು, ಅಮ್ಮನ ಕೈಯಿಂದ ತಪ್ಪಿಸಿಕೊಳ್ಳಲು ಕೊಸರಾಡುತ್ತಿತ್ತು. ಕಮಲ ತೋರಿಸಿದರೆ ಯಾವ ಮಗು ಹಾಗೆ ಮಾಡುತ್ತದೆ?

ಮೊದಲು ಕೊಳೆ ತೆಗೆಯಬೇಕು. ಚೌಕಟ್ಟಿನ ಅಂಚಿನಲ್ಲಿ ಕಾಳಿನಷ್ಟು ಜಾಗ ಆರಿಸಿಕೊಂಡು ಪರೀಕ್ಷೆ ಮಾಡಿದೆ. ಶುದ್ಧ ನೀರಿಗೆ ಏನೂ ಕದಲಲಿಲ್ಲ. ಇನ್ನೊಂದು ದ್ರಾವಣ ಕೊಳೆಯ ಜೊತೆ ಕಂದು ಬಣ್ಣವನ್ನೂ ಹತ್ತಿಗೆ ತಂದಿತು, ಗಾಬರಿಯಾಗಿ ಕೈ ಹಿಂದೆ ತೆಗೆದೆ. ಕೊನೆಗೆ ಬಿದಿರುಕಡ್ಡಿಯ ತುದಿಗೆ ಹತ್ತಿ ಸುತ್ತಿ, ಬಾಯಲ್ಲಿಟ್ಟು ಒದ್ದೆ ಮಾಡಿ, ಮೆಲ್ಲಗೆ ಉರುಳಿಸಿದೆ. ಮಸಿ ಹತ್ತಿಗೆ ಬಂತು, ಬಣ್ಣ ಅಲ್ಲೇ ಉಳಿಯಿತು.

ಇದು ನನ್ನ ತಲೆಯಿಂದ ಹುಟ್ಟಿದ ಹುಚ್ಚಲ್ಲ. ಪ್ರಪಂಚದ ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಮಹಾ ಚಿತ್ರಗಳನ್ನು ಹೀಗೆ ಒರೆಸುತ್ತಾರೆ. ಅನ್ನವನ್ನು ಬಾಯಲ್ಲೇ ಕರಗಿಸಲು ಶುರುಮಾಡುವ ರಸವೇ ಕೊಳೆಯನ್ನೂ ಸಡಿಲಿಸುತ್ತದೆ. ಮೈಬಿಸಿ ಇರುತ್ತದೆ, ಬಣ್ಣಕ್ಕೆ ನೋವಾಗದಷ್ಟು ಮೃದು. ಯೂರೋಪಿನಲ್ಲಿ ನಾನು ಈ ವಿದ್ಯೆ ಕಲಿಯುವಾಗ ನನ್ನ ಗುರು, ಬಿಳಿಕೂದಲ ಹೆಂಗಸು, ಮೊದಲ ದಿನವೇ ತಾಯಿ-ಮಗುವಿನ ಒಂದು ಪುರಾತನ ಚಿತ್ರದ ಮುಂದೆ ನಿಂತು ಕಡ್ಡಿಯನ್ನು ಬಾಯಲ್ಲಿಟ್ಟು ತೋರಿಸಿದ್ದರು. ಲೋಟವನ್ನು ತುಟಿಗೆ ತಾಕಿಸದೆ ಎತ್ತಿ ನೀರು ಕುಡಿಯುವ ಮನೆಯಿಂದ ಹೋದ ನಾನು ಕಣ್ಣುಕಣ್ಣು ಬಿಟ್ಟಿದ್ದೆ. ಆಮೇಲೆ ರೂಢಿಯಾಯಿತು. ಅದಕ್ಕೂ ಶಿಸ್ತಿದೆ: ಒಂದು ಕಡ್ಡಿ ಒಂದೇ ಸಲ, ಕೊಳೆ ಮುಟ್ಟಿದ್ದು ಮತ್ತೆ ಬಾಯಿಗೆ ಹೋಗಬಾರದು. ಬಾಯಿ ಮುಕ್ಕಳಿಸಿ ಶುರುಮಾಡಬೇಕು. ಕಾಫಿ ಇಲ್ಲ. ಬೆಳಗಿನ ಕಾಫಿ ಬಿಟ್ಟು ಮೆಟ್ರೊ ಹತ್ತಿದ್ದೇನೆ ನಾನು, ಇದಕ್ಕಿಂತ ದೊಡ್ಡ ಮಡಿ ನನಗೆ ಗೊತ್ತಿಲ್ಲ.

ಆ ಕಡ್ಡಿಗಳನ್ನು ಸುತ್ತಿಕೊಡುತ್ತಿದ್ದವಳು ಅಮ್ಮ. ದೇವರ ದೀಪಕ್ಕೆ ಹೂಬತ್ತಿ ಹೊಸೆಯಲು ಕೂತಾಗಲೇ ನನ್ನ ಬಿದಿರುಕಡ್ಡಿಗಳಿಗೂ ಹತ್ತಿ ಸುತ್ತುತ್ತಿದ್ದಳು. ಅವಳ ಬೆರಳಿಗೆ ಆ ಹದ ಇದೆ, ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ದೇವರ ಬತ್ತಿಗೆ ಸ್ಟೀಲಿನ ಡಬ್ಬ, ನನ್ನ ಕಡ್ಡಿಗೆ ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬ. ಒರೆಸುವುದಕ್ಕೆ ಎಂದಷ್ಟೇ ಅವಳಿಗೆ ಗೊತ್ತಿತ್ತು, ಏನು ಹಚ್ಚಿ ಒರೆಸುತ್ತೇನೆ ಎಂದು ಅವಳು ಕೇಳಿರಲಿಲ್ಲ.

ಹೀಗಿರುವಾಗ ಮ್ಯೂಸಿಯಮ್ಮಿನ ಪ್ರಚಾರ ನೋಡಿಕೊಳ್ಳುವ ಹುಡುಗಿ ಬಂದು ನನ್ನ ಕೆಲಸದ ವಿಡಿಯೊ ತೆಗೆದಳು. "ಸಕ್ಕತ್ತಾಗಿದೆ ಮ್ಯಾಮ್, ಇನ್ನೊಂದ್ಸಲ ಮಾಡಿ, ಕ್ಲೋಸಪ್ ತಗೋತೀನಿ" ಎಂದಳು. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ನಾನು ವಿವರಿಸಿದ್ದನ್ನೆಲ್ಲ ಅವಳು ಹಾಕಿದ್ದಳಂತೆ. ಆದರೆ ಯಾರೋ ಅದನ್ನು ಕತ್ತರಿಸಿದರು. ಉಳಿದದ್ದು ಎರಡೇ: ನನ್ನ ಬಾಯಲ್ಲಿ ಕಡ್ಡಿ, ಆಮೇಲೆ ಆ ಕಡ್ಡಿ ಬಾಲಕೃಷ್ಣನ ಕೆನ್ನೆಯ ಮೇಲೆ. ಮೇಲೊಂದು ತಲೆಬರಹ, ದೇವರಿಗೆ ಎಂಜಲು ಹಚ್ಚುವ ಹೆಂಗಸು ಎಂದು. ಬೆಳಗಾಗುವಷ್ಟರಲ್ಲಿ ಅದು ಎಲ್ಲರ ಫೋನಿನಲ್ಲಿತ್ತು. ನನ್ನನ್ನು ಕಂಡವರೂ ಕಾಣದವರೂ ಬಾಯಿಗೆ ಬಂದದ್ದು ಬರೆದರು. ನನ್ನ ಹಲ್ಲಿನ ಬಗ್ಗೆ, ನಾನು ಮದುವೆಯಾಗದಿರುವ ಬಗ್ಗೆ, ನನಗೆ ಇರಬಹುದಾದ ರೋಗಗಳ ಬಗ್ಗೆ. ಚಿತ್ರದ ಬಗ್ಗೆ ಒಬ್ಬರೂ ಒಂದು ಮಾತು ಬರೆಯಲಿಲ್ಲ.

ಅಮ್ಮನಿಗೆ ತೋರಿಸಿದವರು ಮಹಡಿ ಮನೆಯವರು. ನಾನು ಮನೆಗೆ ಬಂದಾಗ ಅಮ್ಮ ಐಸ್‌ಕ್ರೀಮಿನ ಡಬ್ಬ ಮುಂದಿಟ್ಟುಕೊಂಡು ಕೂತಿದ್ದಳು.

"ನಾನು ಸ್ನಾನ ಮಾಡಿ, ಮಡೀಲಿ ಕೂತು ಹೊಸೀತೀನಿ. ಅದನ್ನ ನೀನು ಬಾಯಿಗೆ ಹಾಕ್ಕೊಂಡು ದೇವರಿಗೆ ಒರೆಸ್ತಿದ್ಯಾ?"

"ಅದು ಚಿತ್ರ ಅಮ್ಮ."

"ಯಾರ ಚಿತ್ರ?"

ಕಿಣ್ವ, ಜಿಡ್ಡು, ಪರೀಕ್ಷೆ ಎಂದೆಲ್ಲ ಹೇಳಿದೆ. ಅಮ್ಮ ಡಬ್ಬದ ಮುಚ್ಚಳ ಹಾಕಿ ನನ್ನ ಕಡೆ ತಳ್ಳಿ, "ಇನ್ಮೇಲೆ ನೀನೇ ಸುತ್ಕೋ" ಎಂದು ಎದ್ದು ಹೋದಳು. ಊರೆಲ್ಲ ಬೈದದ್ದು ಒಂದು ತೂಕ, ಇದು ಒಂದು ತೂಕ.

ಮರುದಿನ ಸಮಿತಿಯ ಸಭೆ. ಅಲ್ಲಿಗೆ ಹೋಗುವಾಗ ಕ್ಯಾಂಪಸ್ಸಿನ ಹಿಂಬದಿಯ ಕಾಂಪೌಂಡನ್ನು ಆಟೊದಿಂದ ನೋಡಿದೆ. ದಾರಿಹೋಕರು ಉಗುಳದಿರಲಿ ಎಂದು ಕಂಪನಿಯವರೇ ಗೋಡೆಯುದ್ದಕ್ಕೂ ದೇವರ ಟೈಲ್ಸ್ ಅಂಟಿಸಿದ್ದಾರೆ. ಗಣಪತಿ, ಸಾಯಿಬಾಬಾ, ಮೆಕ್ಕಾ, ಶಿಲುಬೆ, ಎಲ್ಲ ಸಾಲಾಗಿ. ಎರಡು ಟೈಲ್ಸಿನ ನಡುವಿನ ಜಾಗದಲ್ಲಿ ಗುಟ್ಕಾದ ಕೆಂಪು ಸುರಿದಿದೆ, ಒಂದಿಷ್ಟು ಗಣಪತಿಯ ಕಾಲಿಗೂ ಸಿಡಿದಿದೆ. ದೇವರನ್ನು ಉಗುಳಿನ ಕಾವಲಿಗೆ ಬಿಸಿಲಲ್ಲಿ ನಿಲ್ಲಿಸಿದವರು, ಎಸಿ ರೂಮಿನಲ್ಲಿ ಕೂತು, ದೇವರ ಮುಖದ ಮಸಿ ತೆಗೆದ ನನಗೆ ಭಕ್ತಿಯ ಪಾಠ ಹೇಳಲು ಹೊರಟಿದ್ದರು.

ಮುಖ್ಯಸ್ಥರು ಶುರುಮಾಡಿದರು. "ನೋಡಿ ಮೇಡಂ, ಸೈನ್ಸ್ ಎಲ್ಲ ಓಕೆ. ಬಟ್ ಪರ್ಸೆಪ್ಷನ್ ಅಂತ ಒಂದಿದೆ ಅಲ್ವಾ?"

"ಮೈಲ್ಡ್ ಆಗಿರೋ ಶಾಂಪೂ ಥರದ್ದು ಬರಲ್ವಾ?" ಎಂದು ಸಮಿತಿಯ ಒಬ್ಬ ಹೆಂಗಸು ಕೇಳಿದರು.

"ಗಂಗಾಜಲ ಟ್ರೈ ಮಾಡ್ಬೋದಲ್ಲ" ಎಂದರು ಇನ್ನೊಬ್ಬರು. ಹಾಸ್ಯ ಮಾಡುತ್ತಿದ್ದಾರೆ ಎಂದುಕೊಂಡೆ, ಇಲ್ಲ, ಅವರು ಉತ್ತರಕ್ಕೆ ಕಾಯುತ್ತಿದ್ದರು.

"ನೀರು ಹಾಕಿ ನೋಡಿದೀನಿ ಸಾರ್, ಕೊಳೆ ಹೋಗಲ್ಲ. ಜಾಸ್ತಿ ಹಾಕಿದ್ರೆ ಕ್ಯಾನ್ವಾಸ್ ನೀರು ಕುಡಿದು ಬಣ್ಣಾನೇ ಎದ್ದು ಬರತ್ತೆ" ಎಂದೆ.

ಶುದ್ಧಿ ಮಾಡಿಸುವುದು ಎಂದು ತೀರ್ಮಾನವಾಯಿತು, ಅದರ ವಿಡಿಯೊ ಹಾಕುವುದು ಎಂದೂ ಆಯಿತು. ಚಿತ್ರಕ್ಕೆ ಅಭಿಷೇಕ ಮಾಡಿಸುವ ಯೋಚನೆ ಅವರದು. ಶುದ್ಧಿಯ ದಿನ ನಾನು ಚಿತ್ರಕ್ಕೆ ಅಡ್ಡ ನಿಂತುಕೊಂಡೆ, ಅಕ್ಷರಶಃ, ಕೈ ಅಗಲಿಸಿ. ಪುಣ್ಯಕ್ಕೆ ಬಂದಿದ್ದ ಅರ್ಚಕರು ಸಮಾಧಾನದ ಮನುಷ್ಯರು. "ಪಟಕ್ಕೆ ನೀರು ಯಾಕ್ರೀ" ಎಂದು ಬಾಗಿಲ ಚೌಕಟ್ಟಿಗೆ ಒಂದಿಷ್ಟು ಪ್ರೋಕ್ಷಣೆ ಮಾಡಿ ಹೋದರು.

ಆಮೇಲೆ ನನಗೆ ಬಾಟಲಿ ತರಿಸಿಕೊಟ್ಟರು. ಉಗುಳಿನಲ್ಲಿರುವುದನ್ನೇ ಬೆರೆಸಿ ಪ್ರಯೋಗಾಲಯದಲ್ಲಿ ತಯಾರಿಸಿದ ದ್ರವ, ವಿದೇಶದ್ದು. ಯಾವುದೋ ಪ್ರಾಣಿಯ ಹೊಟ್ಟೆಯಿಂದ ತೆಗೆದ ಲೋಳೆಯೂ ಅದರಲ್ಲಿದೆ ಎಂದು ಬಾಟಲಿಯ ಮೇಲೆ ಬರೆದೇ ಇತ್ತು, ಯಾರೂ ಓದಲಿಲ್ಲ. ಬಾಟಲಿಯಲ್ಲಿ ಬಂದರೆ, ಬಿಲ್ಲು ಸಮೇತ ಬಂದರೆ, ಯಾರ ಬಾಯಿಯದಾದರೂ ಶುದ್ಧ. ನನ್ನ ಬಾಯಿಯದು ಮಾತ್ರ ಎಂಜಲು.

ಆದರೂ ಕೆಲಸ ಮುಂದುವರಿಯಿತು, ನನಗೆ ಅಷ್ಟು ಸಾಕಾಗಿತ್ತು. ಕಡ್ಡಿಗಳನ್ನು ನಾನೇ ಸುತ್ತಿಕೊಂಡೆ, ಅರ್ಧಕ್ಕರ್ಧ ಬಿಚ್ಚಿಹೋಗುತ್ತಿದ್ದವು. ಮಸಿ ಹೋಯಿತು. ಹಳದಿ ತಿರುಗಿದ ಹಳೆಯ ವಾರ್ನಿಶ್ ಹೋಯಿತು. ಯಶೋದೆಯ ಸೀರೆ ಕಂದು ಅಲ್ಲ, ಮಾವಿನ ಚಿಗುರಿನ ಬಣ್ಣ ಎಂದು ತಿಳಿಯಿತು. ಕೊನೆಗೆ ಕಮಲಕ್ಕೆ ಕೈ ಹಾಕಿದೆ, ದಳ ದಳವಾಗಿ ಮೆದು ಮಾಡಿ ಎತ್ತಿದೆ.

ಮೊದಲು ಹೆಬ್ಬೆರಳು ಕಂಡಿತು. ಆಮೇಲೆ ಸೆರಗಿನ ಅಂಚು, ತುದಿಯನ್ನು ಚೂಪಾಗಿ ಹೊಸೆದು ಹಿಡಿದದ್ದು. ಅದರ ಮೇಲೆ ಅವಳ ಕೆಳತುಟಿ, ಸ್ವಲ್ಪ ತೆರೆದಿದೆ. ಸೆರಗಿನ ತುದಿ ತುಟಿಗೆ ತಾಗಿದೆ. ತುದಿಯಲ್ಲಿ ಒಂದೇ ಒಂದು ಬಿಳಿಯ ಚುಕ್ಕೆ, ಕುಂಚದಿಂದ ಹಾಗೆ ಮುಟ್ಟಿ ಬಿಟ್ಟದ್ದು, ಬಟ್ಟೆ ಒದ್ದೆಯಾಗಿದೆ ಎಂದು ತೋರಿಸಲು. ಮಸಿ ಹೋದಾಗ ಮಗುವಿನ ಕೆನ್ನೆಯ ಮೇಲೆ ಕಂಡಿದ್ದ ಬಿಳಿ ಕಲೆ ಏನೆಂದು ಈಗ ತಿಳಿಯಿತು, ಬೆಣ್ಣೆ ಮೆತ್ತಿದೆ. ಅದಕ್ಕೇ ಅದು ಮುಖ ತಿರುಗಿಸಿ ಕೊಸರಾಡುತ್ತಿದೆ.

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ನಗು ಬಂತು, ಅಳುವೂ ಬಂತು. ಆ ದೊಡ್ಡ ಕೈಯವನು ದೇವರ ಕೆನ್ನೆಗೆ ತಾಯಿಯ ಎಂಜಲು ಹಚ್ಚಿದ್ದ. ಬೇಕೆಂದೇ, ಪ್ರೀತಿಯಿಂದ, ಚಿತ್ರದ ನಟ್ಟನಡುವೆ. ಇಂಥದ್ದೇ ಒಂದು ಸಮಿತಿ ಅವತ್ತೂ ಕೂತು, ಅಯ್ಯೋ ಎಂದು, ಕಮಲ ಹಾಕಿಸಿರಬೇಕು.

ಫೋನಿನಲ್ಲಿ ಫೋಟೊ ತೆಗೆದುಕೊಂಡು ಮನೆಗೆ ಬಂದೆ. ಅಮ್ಮ ನನ್ನ ಜೊತೆ ಅಷ್ಟಕ್ಕಷ್ಟೇ ಮಾತಾಡುತ್ತಿದ್ದ ದಿನಗಳವು. ಕನ್ನಡಕ ಹಾಕಿಸಿ, ಚಿತ್ರ ದೊಡ್ಡದು ಮಾಡಿ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದಳು. ಇದ್ದಕ್ಕಿದ್ದಂತೆ ನಕ್ಕಳು.

"ಥೇಟ್ ನಿನ್ನ ಥರಾನೇ ಕಣೇ. ಸ್ಕೂಲ್ ಬಸ್ ಬರೋ ಹೊತ್ತಿಗೆ ಮುಖಕ್ಕೆಲ್ಲ ಉಪ್ಪಿಟ್ಟು ಮೆತ್ಕೊಂಡಿರ್ತಿದ್ದೆ. ಸೆರಗಿನ ತುದಿ ಬಾಯಲ್ಲಿ ಒದ್ದೆ ಮಾಡಿ ಒರೆಸೋಕೆ ಹೋದ್ರೆ ಹಿಂಗೇ ಕೊಸರಾಡ್ತಿದ್ದೆ."

"ಅದು ಎಂಜಲಲ್ವಾ?" ಎಂದೆ. ಬಿಡುವವಳಲ್ಲ ನಾನು.

"ಮಗೂಗೆ ಎಂಥ ಎಂಜಲೇ" ಎಂದಳು ಅಮ್ಮ. ಆಮೇಲೆ ತಾನೇನು ಹೇಳಿದೆ ಎಂದು ಅವಳಿಗೇ ಹೊಳೆದಿರಬೇಕು. ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಕಾಫಿ ತಂದಳು.

ಅಮ್ಮನಿಗೆ ಅರ್ಥವಾದದ್ದು ಸಮಿತಿಗೆ ಅರ್ಥವಾಗಲಿಲ್ಲ. ಮುಖ್ಯಸ್ಥರು ಚಿತ್ರದ ಹತ್ತಿರ ಬಗ್ಗಿ ಆ ಸೆರಗಿನ ತುದಿಯನ್ನು ನೋಡಿದರು. ಆಮೇಲೆ, "ಇದನ್ನ ತೋರಿಸೋಕಾಗಲ್ಲ ಮೇಡಂ. ಈಗ ತಾನೇ ಒಂದು ಗಲಾಟೆ ಮುಗಿದಿದೆ. ಜನ ಏನಂತಾರೆ? ನಿಮ್ಮನ್ನ ಜಸ್ಟಿಫೈ ಮಾಡ್ಕೊಳ್ಳೋಕೆ ನೀವೇ ಬರೆದಿದ್ದು ಅಂತಾರೆ. ಕಮಲ ವಾಪಸ್ ಬರಲಿ" ಎಂದರು.

"ಒರಿಜಿನಲ್ ಬೇಕು ಅಂದಿದ್ರಲ್ಲ ಸಾರ್?"

"ಇಂಥಾ ಒರಿಜಿನಲ್ ಅಲ್ಲ."

ಲಾಬಿಯ ಗೋಡೆಗೆ ಚಿತ್ರ ಬರೆದ ಕಲಾವಿದನೊಬ್ಬ ಇದ್ದಾನೆ, ಅರ್ಧ ದಿನದಲ್ಲಿ ಹಾಕಿಬಿಡುತ್ತಾನೆ ಎಂದರು. ಅವನು ಬಳಸುವುದು ಅಕ್ರಿಲಿಕ್, ಪ್ಲಾಸ್ಟಿಕ್ಕಿನ ಬಣ್ಣ. ವಾರ್ನಿಶ್ ತೆಗೆದ ಹಳೆಯ ಬಣ್ಣದ ಮೇಲೆ ಅದು ಬಿದ್ದರೆ ಮುಗಿಯಿತು, ಮುಂದೆ ಯಾರಾದರೂ ಎತ್ತಲು ಹೋದರೆ ಯಶೋದೆಯ ತುಟಿಯೂ ಆ ಬಿಳಿಯ ಚುಕ್ಕೆಯೂ ಅದರ ಜೊತೆಗೇ ಎದ್ದು ಬರುತ್ತವೆ. ಇದನ್ನು ನಾನು ಬೇಡಿಕೊಂಡು ಹೇಳಿದೆ, ಕಿರುಚಿ ಹೇಳಿದೆ. ಸಮಿತಿಯವರು ಗಡಿಯಾರ ನೋಡಿದರು.

ಕೆಲಸ ಬಿಸಾಕಿ ಹೋಗು ಎಂದು ಗೆಳತಿಯರು ಹೇಳಿದರು. ಹೋಗಬಹುದಿತ್ತು, ತಲೆ ಎತ್ತಿಕೊಂಡು, ನಾಲ್ಕು ಮಾತು ಅಂದು. ನಾನು ಗೇಟು ದಾಟಿದ ಮೇಲೆ ಆ ಅಕ್ರಿಲಿಕ್ ಡಬ್ಬ ಒಳಗೆ ಬರುತ್ತಿತ್ತು, ಅಷ್ಟೆ. ನನ್ನ ಮಾನ ಉಳಿದು ಚಿತ್ರ ಹೋಗುತ್ತಿತ್ತು.

"ಕಮಲ ನಾನೇ ಹಾಕ್ತೀನಿ" ಎಂದೆ. "ಆದ್ರೆ ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ. ನಾವು ಹಾಕಿದ್ದನ್ನ ಮುಂದೆ ಬರೋರು ತೆಗೆಯೋ ಹಾಗಿರಬೇಕು. ಸುಲಭವಾಗಿ ಹೋಗೋ ಬಣ್ಣದಲ್ಲೇ ಹಾಕೋದು."

"ಶೂರ್, ಶೂರ್" ಎಂದರು ಮುಖ್ಯಸ್ಥರು. ಕಮಲ ಕಂಡರೆ ಅವರಿಗೆ ಸಾಕಿತ್ತು.

ಮೊದಲು ಇಡೀ ಚಿತ್ರಕ್ಕೆ ಹೊಸ ವಾರ್ನಿಶ್ಶಿನ ತೆಳುವಾದ ಪದರ ಕೊಟ್ಟೆ, ಯಶೋದೆಯ ತುಟಿ, ಸೆರಗು, ಆ ಚುಕ್ಕೆ ಎಲ್ಲ ಅದರಡಿ ಭದ್ರವಾದವು. ಅದು ಒಣಗಿದ ಮೇಲೆ ಕಮಲ ಬರೆದೆ, ಜಲವರ್ಣದಲ್ಲಿ. ಹಲ್ಲು ಕಚ್ಚಿಕೊಂಡು ಬರೆದೆ. ಯಾರೋ ಮಾಡಿದ ಅನ್ಯಾಯವನ್ನು ಅಷ್ಟು ಕಷ್ಟಪಟ್ಟು ತೆಗೆದು, ಅದನ್ನೇ ನನ್ನ ಕೈಯಿಂದ ಮತ್ತೆ ಮಾಡಬೇಕಾಗಿ ಬಂತಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಉದ್ಘಾಟನೆಗೆ ದೊಡ್ಡವರೆಲ್ಲ ಬಂದರು, ಯಶೋದೆಯ ಮುಂದೆ ಸೆಲ್ಫಿ ತೆಗೆದುಕೊಂಡರು. "ಆ ಕಮಲದ ಡೀಟೇಲ್ ನೋಡಿ, ಹಳೇ ಕಾಲದೋರ ಕೈನೇ ಬೇರೆ" ಎಂದು ಯಾರೋ ಹೇಳುವುದು ಕೇಳಿಸಿತು. ಪ್ಲಾಸ್ಟಿಕ್ ತಟ್ಟೆಯಲ್ಲಿ ಕೊಟ್ಟಿದ್ದ ಕಟ್ಲೆಟ್ಟನ್ನು ಅಲ್ಲೇ ಇಟ್ಟು ಹೊರಟುಬಂದೆ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ದೊಡ್ಡ ದನಿಯಲ್ಲೇ ಹೇಳಿದೆ, ಮಹಡಿ ಮನೆಯವರಿಗೂ ಕೇಳಿಸಲಿ ಎಂದು. ಅಮ್ಮ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಈಗ ನೀನು ಹಾಕಿರೋ ಕಮಲ ಏನು ಹಚ್ಚಿದ್ರೆ ಹೋಗತ್ತೆ?"

ನಾನು ನಾಲಿಗೆ ಹೊರಗೆ ಹಾಕಿ ತೋರಿಸಿದೆ.

ಅಮ್ಮ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಮಡಿಯಲ್ಲಿ ಕೂತು, ಹೂಬತ್ತಿಗಳನ್ನು ಹೊಸೆದ ಮೇಲೆ ನನ್ನ ಬಿದಿರುಕಡ್ಡಿಗಳನ್ನು ಕೇಳಿ ತೆಗೆದುಕೊಂಡಳು. ಡಬ್ಬ ತುಂಬ ಸುತ್ತಿದಳು. "ಆ ಸಮಿತಿಯೋರು ಇವತ್ತಿದ್ದು ನಾಳೆ ಹೋಗ್ತಾರೆ, ನೀನು ಇರ್ತೀಯ" ಎಂದಳು. ನಾನಿಲ್ಲದಿದ್ದರೆ ಇನ್ನೊಬ್ಬಳು ಇರುತ್ತಾಳೆ, ಅವಳಿಗೂ ಬಾಯಿ ಇರುತ್ತದೆ. ಐಸ್‌ಕ್ರೀಮಿನ ಆ ಡಬ್ಬವನ್ನು ಅಮ್ಮ ನನ್ನ ಕೈಗೆ ಕೊಡಲಿಲ್ಲ. ದೇವರ ಗೂಡಿನಲ್ಲಿ, ಹೂಬತ್ತಿಯ ಸ್ಟೀಲ್ ಡಬ್ಬದ ಪಕ್ಕ ಇಟ್ಟಿದ್ದಾಳೆ.